ಮಳ್ಳಿ ನೋಡ್ಲಾ

ಅಮೃತಬಾಯಿಯ ಕೊರಳು ಮುಟ್ಟಿ ನೋಡಿ ಡಾಕ್ಟರಾದವರು ಈಗ ಯಾವ ಯಾವ ಊರಲ್ಲಿದ್ದಾರೋ ನನಗೆ ಗೊತ್ತಿಲ್ಲ. ಒಬ್ಬ ತಾಂಡೂರಿನಲ್ಲಿ ದವಾಖಾನೆ ಇಟ್ಟಿದ್ದಾನೆಂದು ಅವಳೇ ಹೇಳುತ್ತಿದ್ದಳು. ಉಳಿದವರು ಹೈದರಾಬಾದಿನಲ್ಲೋ ಇನ್ನೆಲ್ಲೋ ಇರಬಹುದು. ಅವರಲ್ಲಿ ಹೆಚ್ಚಿನವರಿಗೆ ಅವಳ ಹೆಸರು ನೆನಪಿರಲಾರದು. ಕೊರಳು ನೆನಪಿರಬಹುದು. ಪರೀಕ್ಷೆಯ ದಿನ ಬೆವರಿದ ಕೈಯಿಂದ ಮುಟ್ಟಿದ್ದನ್ನು ಮನುಷ್ಯ ಅಷ್ಟು ಬೇಗ ಮರೆಯುವುದಿಲ್ಲ.

ಅವಳು ಹೋಗಿ ಒಂದು ಮಳೆಗಾಲ ಕಳೆಯಿತು. ತೆಲುಗು ನಾಡಿನ ಗಡಿಯಲ್ಲಿರುವ ಮನೂರು ಮಂಡಲದ ನಮ್ಮೂರಿನ ಹೊಲಗಳಲ್ಲಿ ಹೆಸರು ಕಿತ್ತಾಗಿದೆ, ತೊಗರಿ ಹೂವಿಗೆ ಬಂದಿದೆ. ಶಾಲೆಯ ಅಡುಗೆಮನೆಗೆ ಬೇರೆ ಹೆಂಗಸು ಬಂದಿದ್ದಾಳೆ. ಮೊನ್ನೆ ಊರಿಗೆ ಹೋದಾಗ ಆ ಹೆಂಗಸು ಮಕ್ಕಳನ್ನು ಊಟಕ್ಕೆ ಕರೆಯಲು ತಾಟಿನ ಮೇಲೆ ಸೌಟು ಬಡಿಯುತ್ತಿದ್ದಳು. ಅಮೃತಬಾಯಿ ಎಂದೂ ಬಡಿದವಳಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತು ಒಂದು ಸಲ ಕೂಗಿದರೆ ಸಾಕಿತ್ತು, ಮೈದಾನದ ಆಚೆ ಹುಣಸೆಮರದಲ್ಲಿದ್ದ ಹುಡುಗರು ಇಳಿದು ಓಡಿಬರುತ್ತಿದ್ದರು.

ನಾವಿಬ್ಬರೂ ಅದೇ ಶಾಲೆಯಲ್ಲಿ ಒಂದೇ ಚಾಪೆಯ ಮೇಲೆ ಕೂತು ಕಲಿತವರು. ನಾನು ಮುಂದೆ ಓದಿ ಜಹೀರಾಬಾದಿನಲ್ಲಿ ಕನ್ನಡ ಟೀಚರಾದೆ. ಅವಳು ಊರಲ್ಲೇ ಉಳಿದು ತಮ್ಮ ದೇವಿದಾಸನ ಹೊಲದಲ್ಲಿ ದುಡಿದಳು, ಆಮೇಲೆ ಶಾಲೆಗೆ ಅಡುಗೆ ಮಾಡಿದಳು. ಮದುವೆ ಆಗಲಿಲ್ಲ. ಆಗದಿದ್ದುದಕ್ಕೆ ಕಾರಣ ಕೊರಳಲ್ಲಿದ್ದ ಗಡ್ಡೆ.

ಅದು ಮೊದಲು ಅಡಿಕೆಯಷ್ಟಿತ್ತು. ಮುಟ್ಟಿದರೆ ನೋಯುತ್ತಿರಲಿಲ್ಲ. ಮೆಲ್ಲಗೆ ಲಿಂಬೆಕಾಯಿಯಷ್ಟಾಯಿತು. ತಾಂಡೂರಿನಿಂದ ವರನ ಕಡೆಯವರು ನೋಡಲು ಬಂದ ದಿನ ಅಮೃತಬಾಯಿಯ ಅವ್ವ ಸೆರಗನ್ನು ಕೊರಳಿಗೆ ಸುತ್ತಿ ಪಿನ್ನು ಹಾಕಿ ಕಳಿಸಿದ್ದಳು. ಹುಡುಗ ಫರಶಿ ಕಲ್ಲಿನ ಖಣಿಯಲ್ಲಿ ಮುಕಾದಮ, ಅಂದರೆ ಕೂಲಿಗಳ ಮೇಸ್ತ್ರಿ. ಅಮೃತಬಾಯಿ ಚಹಾದ ತಟ್ಟೆ ಇಡಲು ಬಗ್ಗಿದಾಗ ಪಿನ್ನು ಬಿಚ್ಚಿತು. ಹುಡುಗನ ತಾಯಿ ನೋಡಿದಳು.

"ಹುಡುಗಿ ಚಲೋ ಅದಾಳ. ಕೊಳ್ಳಾಗಿಂದು ಅದೇನವ್ವಾ?"

ಅವರು ಚಹಾ ಕುಡಿಯದೆ ಎದ್ದುಹೋದರು. ಅಂದಿನಿಂದ ಅಮೃತಬಾಯಿ ಬೇಸಿಗೆಯಲ್ಲೂ ಸೆರಗನ್ನು ಕೊರಳಿಗೆ ಸುತ್ತಿಕೊಂಡೇ ಇರುತ್ತಿದ್ದಳು. ಒಲೆಯ ಮುಂದೆ ಬೆವರು ಹರಿದರೂ ಬಿಚ್ಚುತ್ತಿರಲಿಲ್ಲ. ಹೊಸದಾಗಿ ಬಂದ ಮಕ್ಕಳು ಅವಳಿಗೆ ಸದಾ ನೆಗಡಿ ಎಂದುಕೊಂಡಿದ್ದರು.

ಐವತ್ತರ ಆಸುಪಾಸಿನಲ್ಲಿ ಅಂಗಾತ ಮಲಗಿದರೆ ಒತ್ತಿದಂತಾಗುತ್ತದೆ ಎಂದಳು. ನಾನು ಹಠ ಮಾಡಿ ಕಾಲೇಜು ದವಾಖಾನೆಗೆ ಕರೆದುಕೊಂಡು ಹೋದೆ. ಹೈದರಾಬಾದ್ ರಸ್ತೆಯಲ್ಲಿರುವ, ವಿಶ್ವವಿದ್ಯಾಲಯಕ್ಕೆ ಸೇರಿದ ದೊಡ್ಡ ಆಸ್ಪತ್ರೆ ಅದು. ನಮ್ಮ ಕಡೆಯ ಬಡವರೆಲ್ಲ ಹೋಗುವುದು ಅಲ್ಲಿಗೇ. ಅಲ್ಲಿ ಒಬ್ಬ ರೋಗಿಯನ್ನು ಒಬ್ಬ ಡಾಕ್ಟರು ನೋಡುವುದಿಲ್ಲ. ಪ್ರೊಫೆಸರು ನೋಡುತ್ತಾರೆ, ಅವರ ಹಿಂದೆ ಬಿಳಿ ಕೋಟಿನ ಹುಡುಗ ಹುಡುಗಿಯರ ಒಂದು ಹಿಂಡು ನೋಡುತ್ತದೆ.

ಪ್ರೊಫೆಸರ ಹೆಸರು ಅಮರನಾಥ. ಸರ್ಜರಿ ವಿಭಾಗದವರು, ಮೆಲ್ಲಗೆ ಮಾತಾಡುವ ಮನುಷ್ಯ. ಸೆರಗು ತೆಗೆಯಲು ಹೇಳಿದರು. ಅಮೃತಬಾಯಿ ನನ್ನ ಮುಖ ನೋಡಿದಳು. ನಾನೇ ಸೆರಗು ಬಿಚ್ಚಿದೆ. ಅವರು ಅವಳ ಹಿಂದೆ ನಿಂತು ಎರಡೂ ಕೈಯ ಬೆರಳುಗಳನ್ನು ಕೊರಳ ಮೇಲಿಟ್ಟು, ಬಾಟಲಿಯ ನೀರು ಬಾಯಿಗೆ ಹಾಕಿಕೊಂಡು ನುಂಗಲು ಹೇಳಿದರು. ಗಡ್ಡೆ ಮೇಲೆದ್ದು ಇಳಿಯಿತು. ಇನ್ನೊಮ್ಮೆ ನುಂಗಿಸಿದರು. ಆಮೇಲೆ ವಿದ್ಯಾರ್ಥಿಗಳ ಕಡೆ ತಿರುಗಿ ಇಂಗ್ಲಿಷಿನಲ್ಲಿ ಏನೋ ಹೇಳಿದರು. ಅದರಲ್ಲಿ ಒಂದು ಮಾತು ಅವಳ ಕಿವಿಗೆ ಬಿತ್ತು.

ಹೊರಗೆ ಬಂದು ಚಹಾ ಕುಡಿಯುವಾಗ ಕೇಳಿದಳು. "ರುಕ್ಮಿ, ಆ ಸಾಬ ಏನಂದ?"

"ಯಾವಾಗ?"

"ನನ್ನ ಕೊಳ್ಳ ನೋಡಿ. ಬ್ಯೂಟಿ ಗೀಟಿ ಅಂದನಲ್ಲ."

"ಬ್ಯೂಟಿಫುಲ್ ಕೇಸ್ ಅಂದ್ರು. ಚಂದ ಅದ ಅಂತ."

"ಗಡ್ಡಿಗಿ?"

"ಹೂಂ, ಗಡ್ಡಿಗಿ."

ಅವಳು ಚಹಾ ಚೆಲ್ಲುವಷ್ಟು ನಕ್ಕಳು. ಕಣ್ಣೊರೆಸಿಕೊಂಡು, "ಈ ಮಾತ ತಾಂಡೂರವ್ರಿಗಿ ಯಾರರ ಹೋಗಿ ಹೇಳ್ರೆವ್ವಾ," ಎಂದಳು. ಆ ದಿನ ನಾರಾಯಣಖೇಡದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಬಂದಳು. ಸೆರಗು ಭುಜದ ಮೇಲಿತ್ತು, ಕೊರಳಿಗೆ ಗಾಳಿ ತಾಗುತ್ತಿತ್ತು.

ಆಪರೇಷನ್ ಮಾಡಬೇಕೆಂದು ಸರ್ ಅಂದೇ ಹೇಳಿದ್ದರು. ಗಡ್ಡೆ ಕೆಟ್ಟದ್ದಲ್ಲ, ಆದರೆ ಬೆಳೆಯುತ್ತದೆ, ತೆಗೆಸುವುದು ಒಳ್ಳೆಯದು. ನೂರರಲ್ಲಿ ಒಬ್ಬಿಬ್ಬರಿಗೆ ದನಿ ಕೆಡಬಹುದು ಎಂದೂ ಮುಚ್ಚುಮರೆಯಿಲ್ಲದೆ ಹೇಳಿದರು. ಅಮೃತಬಾಯಿ ದನಿಯ ಮಾತನ್ನಷ್ಟೇ ಹಿಡಿದುಕೊಂಡಳು. ಸುಗ್ಗಿ ಮುಗಿಯಲಿ ಎಂದಳು. ಸುಗ್ಗಿ ಮುಗಿಯುವ ಹೊತ್ತಿಗೆ ದವಾಖಾನೆಯಿಂದ ಫೋನು ಬಂತು. ಪರೀಕ್ಷೆ ಇದೆ, ಕೇಸಾಗಿ ಬರಬೇಕು ಎಂದು.

ಈ ಪದ್ಧತಿಯನ್ನು ಸ್ವಲ್ಪ ಹೇಳಬೇಕು. ಡಾಕ್ಟರಿಕೆಯ ಕೊನೆಯ ವರ್ಷದ ಮಕ್ಕಳಿಗೆ ಸರ್ಜರಿಯ ಪರೀಕ್ಷೆ ಬರಿ ಕಾಗದದ ಮೇಲೆ ಮುಗಿಯುವುದಿಲ್ಲ. ವಾರ್ಡಿನಲ್ಲಿ ನಿಜವಾದ ರೋಗಿಗಳನ್ನು ಮಲಗಿಸಿರುತ್ತಾರೆ. ಯಾರಿಗೆ ಯಾರು ಎಂದು ಚೀಟಿ ಎತ್ತುತ್ತಾರೆ. ವಿದ್ಯಾರ್ಥಿ ರೋಗಿಯ ಕಥೆ ಕೇಳಬೇಕು, ಮೈ ಮುಟ್ಟಿ ನೋಡಬೇಕು. ಆಮೇಲೆ ಬೇರೆ ಊರಿನಿಂದ ಬಂದ ಪರೀಕ್ಷಕರು ಮಂಚದ ಹತ್ತಿರ ಬಂದು ನಿಂತು, ಇದೇನು, ಹೇಗೆ ಗೊತ್ತಾಯಿತು, ಏನು ಮಾಡುತ್ತೀ ಎಂದು ಕೇಳುತ್ತಾರೆ. ಚಾಕು ಹಿಡಿಯುವ ಕೈ ಮೊದಲು ಮುಟ್ಟುವುದನ್ನು ಕಲಿಯಬೇಕು ಎಂಬುದು ಅಮರನಾಥ ಸರ್ ಹೇಳುತ್ತಿದ್ದ ಮಾತು. ಹಾಗೆ ಮುಟ್ಟಿಸಿಕೊಳ್ಳಲು ಎದ್ದು ಕಾಣುವ ರೋಗವುಳ್ಳ, ಬೇಸರಪಡದ ರೋಗಿಗಳು ಬೇಕು. ಅಮೃತಬಾಯಿಯಂಥವರು ಬೇಕು.

ಅವಳು ಹೋದಳು. ಮುಂದಿನ ವರ್ಷವೂ ಹೋದಳು. ಹಿಂದಿನ ದಿನವೇ ವಾರ್ಡಿಗೆ ಸೇರಿ, ಎಣ್ಣೆ ಹಚ್ಚಿ ತಲೆ ಬಾಚಿ, ಮಂಚದ ಮೇಲೆ ನೆಟ್ಟಗೆ ಕೂರುತ್ತಿದ್ದಳು. ಮಕ್ಕಳು ಬರುತ್ತಿದ್ದರು. ತೆಲುಗಿನವರು "ಮಿಂಗಂಡಮ್ಮಾ" ಎನ್ನುತ್ತಿದ್ದರು, ಹೈದರಾಬಾದಿನವರು "ನಿಗಲೋ ಅಮ್ಮಾ" ಎನ್ನುತ್ತಿದ್ದರು. ಅವಳು ಎರಡಕ್ಕೂ ನೀರು ನುಂಗಿ ತೋರಿಸುತ್ತಿದ್ದಳು. ಆಮೇಲೆ, "ನಮ್ಮ ಮಾತಿನಾಗ ನುಂಗ್ರಿ ಅಂತಾರ. ಅನ್ನು ನೋಡಮ್," ಎಂದು ಪಾಠ ಮಾಡುತ್ತಿದ್ದಳು. ಆ ಬ್ಯಾಚಿನ ಮಕ್ಕಳಿಗೆಲ್ಲ ಬರುತ್ತಿದ್ದ ಕನ್ನಡ ಅದೊಂದೇ ಪದ.

ಅದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿತ್ತು. ಮೊದಲ ವರ್ಷದ ಪರೀಕ್ಷೆಯಲ್ಲೇ ಅವಳು ತನ್ನ ರೋಗದ ಇಂಗ್ಲಿಷ್ ಹೆಸರು ಕೇಳಿಸಿಕೊಂಡಿದ್ದಳು. ಮಲ್ಟಿನೋಡ್ಯುಲರ್ ಗಾಯಿಟರ್. ಬಹಳ ಗಂಟುಗಳಿರುವ ಗಳಗಂಡ ಎಂದು ಅರ್ಥ. ಆ ಹೆಸರು ಹೇಳಿದ ಹುಡುಗ ಪಾಸಾದ, ಹೇಳದ ಹುಡುಗಿ ಅತ್ತಳು. ಅಮೃತಬಾಯಿಗೆ ಅಷ್ಟು ಸಾಕಾಯಿತು. ಮುಂದೆ ತನ್ನ ಮಂಚಕ್ಕೆ ಬಂದ ಪ್ರತಿಯೊಂದು ಮಗುವಿನ ಕಿವಿಯಲ್ಲೂ ಉತ್ತರ ಪಿಸುಗುಟ್ಟತೊಡಗಿದಳು. ಅವಳ ಬಾಯಲ್ಲಿ ಅದು "ಮಳ್ಳಿ ನೋಡ್ಲಾ ಗ್ವಾಟರ್" ಆಗಿತ್ತು.

ತೆಲುಗಿನಲ್ಲಿ ಮಳ್ಳಿ ಎಂದರೆ ಮತ್ತೆ. ನೋಡ್ಲಾ ನಮ್ಮದೇ, ನೋಡೋ ಎಂಬುದು. ಎರಡು ಭಾಷೆ ಬಲ್ಲವರಿಗೆ ಅದು 'ಇನ್ನೊಂದು ಸಲ ನೋಡು' ಎಂದು ಕೇಳಿಸುತ್ತದೆ. ನಾನು ತಿದ್ದಲು ನೋಡಿದೆ. "ಮಲ್ಟಿ ಅನ್ನು. ಮಲ್ಟಿ."

"ನಿನ್ನ ಮಲ್ಟಿ ನಿನ್ನ ಹಂತೇಕ ಇರಲಿ. ಪಾಸ್ ಆಗ್ಯಾರ ಇಲ್ಲ ಹುಡುಗ್ರು?"

ಒಮ್ಮೆ ನಲಗೊಂಡ ಕಡೆಯ ಹುಡುಗನೊಬ್ಬ ಅವಳ ಪಿಸುಮಾತು ಕೇಳಿ ಗಾಬರಿಯಾಗಿ, "ಮಳ್ಳೀ ಎಂದುಕಮ್ಮಾ? ಇಪ್ಪುಡೇ ಚೂಶಾನು ಕದಾ," ಎಂದನಂತೆ. ಮತ್ತೆ ಯಾಕಮ್ಮಾ, ಈಗಷ್ಟೇ ನೋಡಿದೆನಲ್ಲ ಎಂದು. ಅವಳು ಹಣೆ ಹಣೆ ಬಡಿದುಕೊಂಡದ್ದನ್ನು ನನಗೆ ಅಭಿನಯಿಸಿ ತೋರಿಸಿದ್ದಳು.

ಪ್ರತಿ ವರ್ಷ ಪರೀಕ್ಷೆ ಮುಗಿದ ಮೇಲೆ ಅಮರನಾಥ ಸರ್ ಅವಳ ಮಂಚದ ಹತ್ತಿರ ಬಂದು, "ಈ ಸಲ ತೆಗೆದುಬಿಡೋಣವೇ ಅಮ್ಮಾ?" ಎನ್ನುತ್ತಿದ್ದರು.

"ತಗದು ಒಗದ್ರ ಬರೋ ವರ್ಷ ಈ ಹುಡುಗ್ರು ಏನ್ ಹಿಡೀಬೇಕ್ರಿ ಸಾಬ್? ನಿಮ್ಮ ಕೊಳ್ಳಾ?"

ಮಕ್ಕಳು ನಗುತ್ತಿದ್ದರು. ಸರ್ ಕೂಡ ನಗುತ್ತಿದ್ದರು. ಗುಳಿಗೆ ಬರೆದುಕೊಡುತ್ತಿದ್ದರು. ನಾನು ಬಸ್ಸಿನಲ್ಲಿ ಬೈಯುತ್ತಿದ್ದೆ, ಅವಳು ಕಿಟಕಿಯಿಂದ ಹೊರಗೆ ನೋಡುತ್ತಿದ್ದಳು. ದನಿ ಹೋದೀತೆಂಬ ಹೆದರಿಕೆ ಇತ್ತು, ನಿಜ. ಆದರೆ ಅದೊಂದೇ ಅಲ್ಲ. ಊರಲ್ಲಿ ಅವಳು ಮುಚ್ಚಿಟ್ಟುಕೊಂಡದ್ದಕ್ಕಾಗಿ ಅಲ್ಲಿ ಜನ ವರ್ಷವಿಡೀ ಕಾಯುತ್ತಿದ್ದರು. ಬಾಗಿಲಲ್ಲಿ ಕಂಡೊಡನೆ "ಅಮೃತಬಾಯಿ ವಚ್ಚಿಂದಿ", ಬಂದಳು ಬಂದಳು ಎಂದು ನರ್ಸುಗಳು ಕೂಗುತ್ತಿದ್ದರು. ಅದನ್ನು ಬಿಟ್ಟುಕೊಡು ಎಂದು ನಾನು ಯಾವ ಮಾತಿನಲ್ಲಿ ಹೇಳಬೇಕಿತ್ತು?

ಧಮ್ಮಶೀಲಾ ಪರಿಚಯವಾದದ್ದು ಅಮೃತಬಾಯಿಯ ಕೊನೆಯ ಪರೀಕ್ಷೆಗೆ ಸ್ವಲ್ಪ ಮುಂಚೆ. ನಾರಾಯಣಖೇಡದ ಹುಡುಗಿ. ತಂದೆಯ ಹೆಸರು ಜೈಭೀಮ. ಬಸ್ ಕಂಡಕ್ಟರು, ಅಮೃತಬಾಯಿ ದವಾಖಾನೆಗೆ ಹೋಗುವ ಬಸ್ಸಿನಲ್ಲೇ ಎಷ್ಟೋ ಸಲ ಇರುತ್ತಿದ್ದ. ಮಗಳು ಅಲ್ಲೇ ಓದುತ್ತಾಳೆಂದು ಅವನೇ ಹೇಳಿದ್ದು. ವಾರ್ಡಿನಲ್ಲಿ ಕನ್ನಡ ಮಾತಾಡುವ ಡಾಕ್ಟರ ಹುಡುಗಿ ಸಿಕ್ಕಿದ್ದು ಅಮೃತಬಾಯಿಗೆ ಹಬ್ಬವಾಯಿತು. ಹುಡುಗಿ ಇವಳನ್ನು ಆಯಿ ಎಂದಳು.

ಆ ಹುಡುಗಿ ಹಿಂದಿನ ಸಲ ಸರ್ಜರಿಯ ಪ್ರಾಕ್ಟಿಕಲ್‌ನಲ್ಲಿ ಫೇಲಾಗಿದ್ದಳು. ಓದು ಕಡಿಮೆಯಾಗಿ ಅಲ್ಲ.

"ಕೈಗಿ ಒಂದ ಹತ್ತಿತ್ತು ಆಯಿ," ಎಂದು ಅವಳು ಹೇಳುವಾಗ ನಾನೂ ಅಲ್ಲಿದ್ದೆ. "ಪರೀಕ್ಷಾ ಮಾಡೋರು ಕಣ್ಣ ದೊಡ್ಡು ಮಾಡಿ ನೋಡಿದ್ರು. ನಂದು ತಪ್ಪದ ಏನೋ ಅನಸ್ತು. ಬಾಯಾಗ ಬ್ಯಾರೇನೇ ಬಂತು. ಹೊರಗ ಬಂದ ಮ್ಯಾಲೆ ಗೊತ್ತಾತು, ಕೈ ಹೇಳಿದ್ದೇ ಖರೇ ಇತ್ತು."

"ಈ ಸಲ ನನ್ನ ಚೀಟಿ ಎತ್ತು. ಕೈ ಯಾಕ ಬೇಕು? ನಾ ಹೇಳ್ತೀನಲ್ಲ."

"ಚೀಟಿ ನನ್ನ ಕೈಯಾಗದೇನು ಆಯಿ?"

"ಮಳ್ಳಿ ಅದೀ ನೀ," ಎಂದಳು ಅಮೃತಬಾಯಿ. ಈ ಮಳ್ಳಿ ನಮ್ಮ ಕನ್ನಡದ್ದು, ಪೆದ್ದಿ ಎಂಬ ಅರ್ಥದ್ದು. "ಬ್ಯಾರೇ ಚೀಟಿ ಬಂದ್ರ ಹೊಳ್ಳಿ ಒಳಗ ಒಗದ್ಬಿಡು."

ಮತ್ತೊಮ್ಮೆ ಫೇಲಾದರೆ ಹುಡುಗಿ ಡಾಕ್ಟರಿಕೆ ಬಿಟ್ಟುಬಿಡುತ್ತಾಳೆ ಎಂದು ಜೈಭೀಮ ಹೆದರಿದ್ದ. ರಾತ್ರಿ ಊಟ ಬಿಟ್ಟಿದ್ದಾಳೆ ಎಂದು ಬಸ್ಸಿನಲ್ಲಿ ಟಿಕೆಟು ಹರಿಯುತ್ತಲೇ ಹೇಳಿದ. ಅಮೃತಬಾಯಿ ಆ ಮಾತನ್ನು ಮನಸ್ಸಿಗೆ ಹಚ್ಚಿಕೊಂಡಳು. ಆ ವರ್ಷ ಅವಳಿಗೆ ಬೇರೇನೂ ಬೇಕಿರಲಿಲ್ಲ. ಆ ಹುಡುಗಿ ಪಾಸಾಗಬೇಕಿತ್ತು.

ಅದೇ ವರ್ಷ ಅವಳ ದನಿ ಒಡೆಯಿತು. ಶಾಲೆಯ ಬಾಗಿಲಲ್ಲಿ ನಿಂತು ಕೂಗಿದರೆ ಮಕ್ಕಳು ಬರುತ್ತಿರಲಿಲ್ಲ. ಮೆಣಸಿನಕಾಯಿ ಹುರಿದ ಘಾಟು ಎಂದಳು. ಹೌದೆನ್ನುವಂತೆಯೇ ಇತ್ತು, ಆ ಅಡುಗೆಮನೆಗೆ ಕಿಟಕಿ ಒಂದೇ. ಗಡ್ಡೆ ಸ್ವಲ್ಪ ದೊಡ್ಡದಾಗಿದೆಯಲ್ಲ ಎಂದು ನಾನು ಕೇಳಿದಾಗ, "ವಯಸ್ಸಾತು, ಅದಕ್ಕೂ ಮೈ ಬರಬ್ಯಾಡೇನು?" ಎಂದು ನಕ್ಕಳು. ಪರೀಕ್ಷೆ ಹತ್ತಿರವಿತ್ತು. ಹೇಗೂ ಡಾಕ್ಟರ ಹತ್ತಿರವೇ ಹೋಗುವವಳಿದ್ದಳು.

ಪರೀಕ್ಷೆಯ ಮೊದಲ ದಿನ ಅವಳ ಮಂಚಕ್ಕೆ ಇಬ್ಬರು ಹುಡುಗರು ಬಂದರು. ಇಬ್ಬರಿಗೂ ಕಿವಿಯಲ್ಲಿ ಹೇಳಿದಳು. ಇಬ್ಬರೂ ಅದನ್ನೇ ಹೇಳಿದರು. ಹಳೆಯ ಕೇಸು, ಎಲ್ಲರೂ ಬಲ್ಲದ್ದು. ಪರೀಕ್ಷಕರ ಮೇಜಿನ ಮೇಲೆ ಬರೆದಿಟ್ಟಿದ್ದ ಉತ್ತರವೂ ಹೋದ ವರ್ಷದ್ದೇ. ಯಾರ ಕೈಯೂ ಅಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ.

ಎರಡನೆಯ ದಿನ ಧಮ್ಮಶೀಲಾಗೆ ಆ ಚೀಟಿ ಬಂತು.

ನನ್ನನ್ನು ವರಾಂಡದಲ್ಲಿ ಕೂರಿಸಿದ್ದರು. ಒಳಗೆ ನಡೆದದ್ದನ್ನು ಆಮೇಲೆ ಇಬ್ಬರ ಬಾಯಿಂದಲೂ ಕೇಳಿದ್ದೇನೆ. ಅಮೃತಬಾಯಿ ಹುಡುಗಿಯನ್ನು ಕಂಡದ್ದೇ ಕೈ ಜೋಡಿಸಿ ಮೇಲೆ ನೋಡಿದಳಂತೆ. ಹುಡುಗಿ ಪದ್ಧತಿಯಂತೆ ಹೆಸರು, ಊರು, ಎಷ್ಟು ದಿನದಿಂದ ಎಂದೆಲ್ಲ ಕೇಳಿದಳು. ಅಮೃತಬಾಯಿ ಒಡಕು ದನಿಯಲ್ಲಿ ಉತ್ತರ ಕೊಟ್ಟಳು. ದನಿ ಯಾವಾಗಿನಿಂದ ಹೀಗೆ ಎಂದು ಕೇಳಿದ್ದಕ್ಕೆ ಮೆಣಸಿನಕಾಯಿಯ ಕಥೆ ಹೇಳಿದಳು. ಹುಡುಗಿ ಹಿಂದೆ ಹೋಗಿ ನಿಂತು ಕೊರಳ ಮೇಲೆ ಬೆರಳಿಟ್ಟಳು.

"ಅದು ಕಲ್ಲಿನಂಗ ಇತ್ತು ಟೀಚರ್," ಎಂದು ಧಮ್ಮಶೀಲಾ ನನಗೆ ಹೇಳಿದ್ದಾಳೆ. "ತಿಂಗಳ ಹಿಂದ ಮುಟ್ಟಿದಾಗ ಹಂಗ ಇರಲಿಲ್ಲ. ನನ್ನ ಕೈಯೇ ಸರಿ ಇಲ್ಲ ಅನಕೊಂಡೆ. ಕೈ ತಗದ್ಬಿಟ್ಟೆ."

ಆಗ ಅಮೃತಬಾಯಿ ಕತ್ತು ಹಿಂದಕ್ಕೆ ವಾಲಿಸಿ ಪಿಸುಗುಟ್ಟಿದಳು. "ಮಳ್ಳಿ ನೋಡ್ಲಾ."

ಅದು ರೋಗದ ಹೆಸರೆಂದು ಧಮ್ಮಶೀಲಾಗೆ ಚೆನ್ನಾಗಿ ಗೊತ್ತಿತ್ತು. ಇಡೀ ಬ್ಯಾಚಿಗೆ ಗೊತ್ತಿದ್ದ ತಮಾಷೆ ಅದು. ಆದರೆ ಆ ಹೊತ್ತು, ತೆಗೆದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ನಿಂತಿದ್ದಾಗ, ಅವಳಿಗೆ ಅದು ಬರಿ ಮಾತಾಗಿ ಕೇಳಿಸಿತು. ಮತ್ತೆ ನೋಡು. ಅವಳು ಮತ್ತೆ ಕೈ ಇಟ್ಟಳು. ನೀರಿನ ಬಾಟಲಿ ಕೊಟ್ಟು, "ನುಂಗ್ರಿ ಆಯಿ," ಎಂದಳು. ಅಮೃತಬಾಯಿ ನುಂಗಿದಳು. ಗಡ್ಡೆ ಏಳಲಿಲ್ಲ. ಇನ್ನೊಮ್ಮೆ ನುಂಗಿಸಿದಳು. ಏಳಲಿಲ್ಲ. ಕೊರಳ ಪಕ್ಕದಲ್ಲಿ ಬೆರಳು ಸರಿಸಿದಾಗ ಕಡಲೆಯಂಥ ಸಣ್ಣ ಗಟ್ಟಿ ಗಂಟುಗಳು ಸಿಕ್ಕವು.

"ಎಷ್ಟು ಹಿಚಕ್ತೀ? ಹೇಳೀನಲ್ಲ," ಎಂದಳು ಅಮೃತಬಾಯಿ.

ಪರೀಕ್ಷಕರು ಬಂದರು, ಅಮರನಾಥ ಸರ್ ಪಕ್ಕದಲ್ಲಿದ್ದರು. ಏನು ನಿನ್ನ ನಿರ್ಣಯ ಎಂದು ಕೇಳಿದರು. ಅಮೃತಬಾಯಿ ಹುಡುಗಿಯ ಬಾಯನ್ನೇ ನೋಡುತ್ತಿದ್ದಳು, ತಾನೂ ತುಟಿ ಆಡಿಸುತ್ತಿದ್ದಳು. ಧಮ್ಮಶೀಲಾ ಇಂಗ್ಲಿಷಿನಲ್ಲಿ ಹೇಳಿದಳು. ಅದು ಮಳ್ಳಿ ನೋಡ್ಲಾ ಆಗಿರಲಿಲ್ಲ. ಪರೀಕ್ಷಕರು ಮೇಜಿನ ಮೇಲಿನ ಕಾಗದ ನೋಡಿ ಹುಬ್ಬು ಗಂಟಿಕ್ಕಿದರು. ಹೋದ ಸಲದಂತೆಯೇ ಕಣ್ಣು ದೊಡ್ಡದು ಮಾಡಿ, ಇನ್ನೊಮ್ಮೆ ಯೋಚಿಸಿ ಹೇಳು ಎಂದರು.

ಅವಳು ಅದನ್ನೇ ಹೇಳಿದಳು.

"ಅಲ್ಲ ಸಾಬ್, ಅಲ್ಲ," ಎಂದು ಅಮೃತಬಾಯಿ ಮಂಚದಿಂದ ಅರ್ಧ ಎದ್ದಳು. "ಹುಡುಗಿ ಅಂಜ್ಯಾದ್ರಿ. ಅಕಿಗಿ ಗೊತ್ತದ. ಮಳ್ಳಿ ನೋಡ್ಲಾ ಗ್ವಾಟರ್. ಹೇಳ ಮಗಾ, ಹೇಳು."

ಅಮರನಾಥ ಸರ್ ನಗಲಿಲ್ಲ. ಅವಳ ಹಿಂದೆ ಬಂದು ನಿಂತು ತಾವೇ ಕೈ ಇಟ್ಟರು. ನೀರು ನುಂಗಲು ಹೇಳಿದರು. ಅವರ ಕೈ ಬಹಳ ಹೊತ್ತು ಅಲ್ಲೇ ಇತ್ತು. ಮುಖ ಅವಳಿಗೆ ಕಾಣುತ್ತಿರಲಿಲ್ಲ, ಎದುರಿಗೆ ನಿಂತ ಧಮ್ಮಶೀಲಾಗೆ ಕಾಣುತ್ತಿತ್ತು. ಹುಡುಗಿಯ ಮುಖ ಅಮೃತಬಾಯಿಗೆ ಕಾಣುತ್ತಿತ್ತು.

"ಅಕಿ ಮಾರಿ ನೋಡಿದೆ ರುಕ್ಮಿ," ಎಂದು ಆಮೇಲೆ ಹೇಳಿದಳು. "ಫೇಲಾದೋರ ಮಾರಿ ನಾ ಭಾಳ ನೋಡೀನಿ. ಅದು ಹಂಗ ಇರಲಿಲ್ಲ."

ಧಮ್ಮಶೀಲಾ ವರಾಂಡಕ್ಕೆ ಬಂದು ನನ್ನ ಪಕ್ಕ ಕುಸಿದು ಕೂತಳು. ಪಾಸೇನವ್ವಾ ಎಂದು ಕೇಳಿದೆ. ಅವಳು ತನ್ನ ಬೆರಳುಗಳನ್ನು ನೋಡಿಕೊಳ್ಳುತ್ತಿದ್ದಳು.

ಅಂದು ಅಮೃತಬಾಯಿಯನ್ನು ಮನೆಗೆ ಕಳಿಸಲಿಲ್ಲ. ಸೂಜಿ ಚುಚ್ಚಿ ಪರೀಕ್ಷೆಗೆ ಕಳಿಸಿದರು, ಸ್ಕ್ಯಾನ್ ಮಾಡಿಸಿದರು. ವರ್ಷಗಟ್ಟಲೆ ಸುಮ್ಮನಿದ್ದ ಗಡ್ಡೆ ಕೆಲವು ವಾರಗಳಲ್ಲಿ ಕ್ಯಾನ್ಸರಾಗಿ ತಿರುಗಿತ್ತು. ಅಪರೂಪಕ್ಕೆ ಹೀಗಾಗುತ್ತದಂತೆ, ಆದಾಗ ಬಹಳ ವೇಗವಾಗಿ ಹಬ್ಬುತ್ತದಂತೆ. ತೆಗೆಯುವ ಹಂತ ದಾಟಿತ್ತು. ಅಮರನಾಥ ಸರ್ ಅದನ್ನು ಹೇಳಲು ಸ್ಟೂಲು ಎಳೆದುಕೊಂಡು ಅವಳ ಎದುರಿಗೆ ಕೂತರು. ದೇವಿದಾಸ ಊರಿನಿಂದ ಬಂದಿದ್ದ. ನಾನು ಅವರ ತೆಲುಗನ್ನು ಕನ್ನಡಕ್ಕೆ ಮಾಡಬೇಕಿರಲಿಲ್ಲ, ಅವಳಿಗೆ ಎಲ್ಲ ತಿಳಿಯುತ್ತಿತ್ತು. ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದಳು.

"ಆ ಹುಡುಗಿ ಪಾಸಾದಳಿಲ್ರಿ?"

"ಆದಳಮ್ಮಾ," ಎಂದರು ಸರ್. ಆಮೇಲೆ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು.

ಧಮ್ಮಶೀಲಾ ಅವಳ ವಾರ್ಡಿನ ಕಡೆ ಬರುತ್ತಿರಲಿಲ್ಲ. ಹೌಸ್ ಸರ್ಜನ್ ಕೆಲಸ ಶುರುವಾಗಿತ್ತು, ಇನ್ನೊಂದು ಬಾಗಿಲಿನಿಂದ ಹಾದುಹೋಗುತ್ತಿದ್ದಳು. ಅಮೃತಬಾಯಿಗೆ ಅದು ತಿಳಿಯಿತು. ನರ್ಸಿನ ಕೈಯಲ್ಲಿ ಹೇಳಿಕಳಿಸಿದಳು. ಹುಡುಗಿ ಬಂದು ಮಂಚದಿಂದ ದೂರ ನಿಂತಳು.

"ಬಾ ಡಾಕ್ಟರಮ್ಮ. ಪಾಸಾದ ಮ್ಯಾಲೆ ಗುರ್ತು ಸಿಗಲ್ದಂಗ ಆತೇನು?"

ಹುಡುಗಿ ತಲೆ ಬಗ್ಗಿಸಿದಳು.

"ನಾ ಹೇಳಿದ್ದು ಯಾಕ ಹೇಳಲಿಲ್ಲ? ಕಿವ್ಯಾಗ ಹತ್ತಿ ತುರಕೊಂಡಿದ್ದಿಯೇನು?"

"ನೀವೇ ಹೇಳಿದ್ರಲ್ಲ ಆಯಿ," ಎಂದಳು ಧಮ್ಮಶೀಲಾ. "ಮಳ್ಳಿ ನೋಡ್ಲಾ ಅಂದ್ರಿ. ನಾ ಮಳ್ಳಿ ನೋಡಿದೆ."

ಅಮೃತಬಾಯಿ ನನ್ನ ಕಡೆ ತಿರುಗಿದಳು. ಆಮೇಲೆ ನಕ್ಕಳು. ಒಡಕು ದನಿಯ ನಗೆ ಕೆಮ್ಮಾಯಿತು, ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು. "ಕೇಳಿದೇನು ರುಕ್ಮಿ? ನೀ ಮಲ್ಟಿ ಅನ್ನು ಅಂತಿದ್ದಿ. ನಾ ಹಂಗ ಕಲ್ತಿದ್ರ ಈ ಹುಡುಗಿ ಫೇಲಾಗಿ ಹೋಗಿತ್ತು." ಹುಡುಗಿಯ ಕೈ ಹಿಡಿದೆಳೆದು ಹತ್ತಿರ ಕೂರಿಸಿಕೊಂಡಳು. ಧಮ್ಮಶೀಲಾ ಅವಳ ತೊಡೆಯ ಮೇಲೆ ಮುಖವಿಟ್ಟು ಅತ್ತಳು. ಸುತ್ತಲಿನ ಮಂಚದವರು ನೋಡುತ್ತಿದ್ದರು. ಡಾಕ್ಟರೊಬ್ಬಳು ರೋಗಿಯ ತೊಡೆಯ ಮೇಲೆ ಅಳುವುದನ್ನು ಅವರೆಲ್ಲಿ ನೋಡಿರುತ್ತಾರೆ?

ಮುಂದಿನದು ಬೇಗ ನಡೆಯಿತು. ಉಸಿರು ಕಟ್ಟತೊಡಗಿದ್ದರಿಂದ ಕೊರಳ ಕೆಳಗೆ ತೂತು ಮಾಡಿ ನಳಿಗೆ ಹಾಕಿದರು. ಅಂದಿಗೆ ದನಿ ಪೂರ್ತಿ ಹೋಯಿತು. ಯಾವುದಕ್ಕೆ ಹೆದರಿ ಅವಳು ಅಷ್ಟು ವರ್ಷ ಮುಂದೂಡಿದ್ದಳೋ ಅದು. ಅನ್ನನಾಳವೂ ಒತ್ತಿಹೋಗಿ, ಮೂಗಿನಿಂದ ಇಳಿಸಿದ ಕೊಳವೆಯಲ್ಲಿ ಹಾಲು, ಗಂಜಿ ಕೊಡುತ್ತಿದ್ದರು. ಬಾಯಿಂದ ಒಂದು ಹನಿ ನೀರೂ ಬೇಡ, ಉಸಿರಿಗೆ ಹೋಗುತ್ತದೆ ಎಂದಿದ್ದರು. ಬಾಯಿ ಒಣಗುತ್ತಿತ್ತು. ಒದ್ದೆ ಬಟ್ಟೆಯಿಂದ ನಾನು ತುಟಿ ಒರೆಸುತ್ತಿದ್ದೆ. ಪಕ್ಕದ ಮಂಚದವಳು ನೀರು ಕುಡಿದರೆ ಅವಳು ಆ ಗಂಟಲು ಏಳುವುದನ್ನೂ ಇಳಿಯುವುದನ್ನೂ ನೋಡುತ್ತಿದ್ದಳು. ನಾನು ನಡುವೆ ಅಡ್ಡ ಕೂರುತ್ತಿದ್ದೆ.

ಹೊಸ ಬ್ಯಾಚಿನ ಮಕ್ಕಳು ವಾರ್ಡಿಗೆ ಬರುವ ದಿನ ಅಮರನಾಥ ಸರ್ ಅವರನ್ನು ಅವಳ ಮಂಚ ದಾಟಿಸಿ ಮುಂದೆ ಕರೆದುಕೊಂಡು ಹೋಗುತ್ತಿದ್ದರು. ಒಂದು ದಿನ ಅವಳು ಚಮಚದಿಂದ ಮಂಚದ ಕಬ್ಬಿಣ ಬಡಿದಳು. ಎಲ್ಲರೂ ತಿರುಗಿದರು. ಅವಳು ಬೆರಳಿನಿಂದ ತನ್ನ ಕೊರಳು ತೋರಿಸಿದಳು.

"ಬೇಡಮ್ಮಾ," ಎಂದರು ಸರ್.

ಅವಳು ಮತ್ತೆ ಬಡಿದಳು.

ಅವರು ಒಬ್ಬೊಬ್ಬರನ್ನೇ ಕಳಿಸಿದರು. ಮಕ್ಕಳು ಹಿಂದೆ ನಿಂತು ಮೆಲ್ಲಗೆ ಮುಟ್ಟಿದರು. ಒಬ್ಬ ಹುಡುಗ ಬಗ್ಗಿ ಅವಳ ಬಾಯಿಯ ಹತ್ತಿರ ಕಿವಿ ತಂದ. ಹಿಂದಿನ ಬ್ಯಾಚಿನವರು ಹೇಳಿಕೊಟ್ಟಿರಬೇಕು, ಈ ಅಮ್ಮ ಉತ್ತರ ಹೇಳುತ್ತಾಳೆ ಎಂದು. ಅವಳು ಅವನ ಕಿವಿಯನ್ನು ಮೆಲ್ಲಗೆ ಹಿಡಿದು ದೂರ ಸರಿಸಿದಳು. ಅವನ ಕೈ ಹಿಡಿದು ಮತ್ತೆ ಗಡ್ಡೆಯ ಮೇಲಿಟ್ಟಳು.

ಕೊನೆಯ ದಿನ ಮಧ್ಯಾಹ್ನ ಉಸಿರು ಬಿಡಿಬಿಡಿಯಾಯಿತು. ದೇವಿದಾಸ, ನಾನು, ಧಮ್ಮಶೀಲಾ ಇದ್ದೆವು. ಹುಡುಗಿಯ ಕೆಲಸದ ಹೊತ್ತಲ್ಲ ಅದು, ಕೋಟು ಹಾಕಿರಲಿಲ್ಲ. ಸರ್ ಬಂದು ನೋಡಿ, ಇನ್ನು ತೊಂದರೆ ಕೊಡುವುದು ಬೇಡ ಎಂದು ಹೇಳಿ ಹೋಗಿದ್ದರು. ದೇವಿದಾಸ ಧಮ್ಮಶೀಲಾಳ ಮುಂದೆ ಕೈಕಟ್ಟಿ ನಿಂತ.

"ಅವ್ವಾ, ಬಾಯಾಗ ನೀರ ಬಿಡ್ಲಾಕ ಬರ್ತದೇನ್ರಿ? ಒಣ ಬಾಯ್ಲೆ ಕಳಸಬಾರದು."

ನಮ್ಮಲ್ಲಿ ಹೋಗುವ ಜೀವಕ್ಕೆ ಮನೆಯವರು ಬಾಯಿಗೆ ನೀರು ಬಿಡುತ್ತಾರೆ. ಧಮ್ಮಶೀಲಾ ಕಿಟಕಿಯ ಕಡೆ ನೋಡಿದಳು, ಆಮೇಲೆ ಆಗಲಿ ಎಂದು ತಲೆಯಾಡಿಸಿದಳು. ದೇವಿದಾಸ ಒಂದು ಚಮಚ ಬಿಟ್ಟ. ನಾನು ಬಿಟ್ಟೆ. ನೀರು ತುಟಿಯ ಬದಿಯಿಂದ ಹೊರಗೆ ಹರಿಯಿತು. ಅಮೃತಬಾಯಿ ಕಣ್ಣು ತೆರೆದು ಹುಡುಗಿಯನ್ನು ನೋಡಿದಳು. ಕೈ ಎತ್ತಲು ಹೋದಳು, ಆಗಲಿಲ್ಲ.

ನಾನು ಚಮಚವನ್ನು ಧಮ್ಮಶೀಲಾಗೆ ಕೊಟ್ಟೆ. ಅವಳು ತಲೆದಿಂಬಿನ ಕಡೆ ಹೋದಳು, ಪರೀಕ್ಷೆಯಲ್ಲಿ ನಿಲ್ಲುವ ಹಾಗೆ ಹಿಂದೆ ನಿಂತಳು. ಎಡಗೈ ತಾನಾಗಿ ಕೊರಳ ಮೇಲೆ ಹೋಯಿತು. ಬಲಗೈಯಿಂದ ನೀರು ಬಿಟ್ಟಳು.

"ನುಂಗ್ರಿ ಆಯಿ," ಎಂದಳು.

ಕೈ ತೆಗೆಯದೆ ಬಹಳ ಹೊತ್ತು ಹಾಗೆಯೇ ನಿಂತಿದ್ದಳು. ಆಮೇಲೆ ಆ ಬೆರಳುಗಳನ್ನೇ ಸ್ವಲ್ಪ ಬದಿಗೆ, ನಾಡಿ ಹೊಡೆಯುವ ಜಾಗಕ್ಕೆ ಸರಿಸಿದಳು. ಕಾದಳು. ನನ್ನ ಮುಖ ನೋಡಿದಳು.

"ಇನ್ನೊಮ್ಮಿ ನೋಡವ್ವಾ," ಎಂದೆ.

ಅವಳು ಇನ್ನೊಮ್ಮೆ ನೋಡಿದಳು. ನಂತರ ಕೈ ತೆಗೆದು, ಕೊರಳ ಮೇಲಿನಿಂದ ಸರಿದುಹೋಗಿದ್ದ ಸೆರಗನ್ನು ಎತ್ತಿ ಹೊದಿಸಲು ಹೋದಳು. ನಾನು ತಡೆದೆ. ಹಾಗೇ ಇರಲಿ ಎಂದೆ.